ಗಾಳಿ ಬೇಡದ ಒಲೆ

ಅಜ್ಜಿಯ ಕೊಳವೆಗಳ ಸ್ಟ್ಯಾಂಡಿಗೆ ಕೆಂಪು ಪಟ್ಟಿ ಅಂಟಿಸಿದ್ದನ್ನು ಹುಲ್ಲಮ್ಮ ನೋಡಿದ್ದು ಸೋಮವಾರ ಬೆಳಿಗ್ಗೆ, ಕೈಚೀಲವನ್ನು ಮೊಳೆಗೆ ಸಿಕ್ಕಿಸುವ ಮೊದಲೇ. ಆ ಪ್ರಯೋಗಾಲಯದಲ್ಲಿ ಕೆಂಪು ಪಟ್ಟಿಗೆ ಒಂದೇ ಅರ್ಥ. ಶುಕ್ರವಾರ ಮಧ್ಯಾಹ್ನ ಆ ಸ್ಟ್ಯಾಂಡು ತಳ್ಳುಗಾಡಿ ಹತ್ತಿ ಹಿಂದಿನ ಕೋಣೆಗೆ ಹೋಗುತ್ತದೆ. ಅಲ್ಲಿ ಆಟೋಕ್ಲೇವ್ ಎಂಬ ಆಳೆತ್ತರದ ಪ್ರೆಶರ್ ಕುಕ್ಕರ್ ಇದೆ. ಅದರ ಬಾಯಿಗೆ ಬಿದ್ದದ್ದು ಯಾವುದೂ ಜೀವ ಹಿಡಿದುಕೊಂಡು ಹೊರಗೆ ಬಂದದ್ದಿಲ್ಲ.

ಅವಳು ಕೈಚೀಲವನ್ನು ಸಿಕ್ಕಿಸಿದಳು, ಬಿಳಿ ಕೋಟು ತೊಟ್ಟಳು, ಎಂದಿನಂತೆ ಕತ್ತರಿ ಹಿಡಿದು ಹುಲ್ಲು ಕತ್ತರಿಸಲು ಕೂತಳು. ಕೈ ಮಾತ್ರ ಎಂದಿಗಿಂತ ಬಿರುಸಾಗಿ ಓಡುತ್ತಿತ್ತು.

ಹುಲ್ಲಮ್ಮ ಅನ್ನುವುದು ಅವಳ ಹೆಸರಲ್ಲ. ದಿನಾ ಬೆಳಿಗ್ಗೆ ಒಣಹುಲ್ಲನ್ನು ಉಗುರಿನಷ್ಟುದ್ದಕ್ಕೆ ಕತ್ತರಿಸಿ ಗಾಜಿನ ಕೊಳವೆಗಳಿಗೆ ತುಂಬುವವಳನ್ನು ಇನ್ನೇನೆಂದು ಕರೆಯಬೇಕು ಎಂದು ಸಿಲಿಂಡರ್ ಅಣ್ಣ ಒಂದು ದಿನ ಕೇಳಿದ್ದೇ ನೆಪ, ಹೆಸರು ಅಂಟಿಕೊಂಡಿತು. ಸಿಲಿಂಡರ್ ಅಣ್ಣ ಎಂದರೆ ಪ್ರಯೋಗಾಲಯದ ಗ್ಯಾಸ್ ಸಿಲಿಂಡರ್‌ಗಳನ್ನೂ ತಳ್ಳುಗಾಡಿಯನ್ನೂ ಆಟೋಕ್ಲೇವನ್ನೂ ನೋಡಿಕೊಳ್ಳುವ ಮನುಷ್ಯ. ಅವನ ಬಾಯಿಗೆ ಸಿಕ್ಕಿ ಹೆಸರು ಬದಲಾಗದವರು ಆ ಕಟ್ಟಡದಲ್ಲಿ ಇರಲಿಲ್ಲ. ಮಗಳು ಶಾಲೆಗೆ ಹೋಗುವಷ್ಟು ದೊಡ್ಡವಳಾಗುವವರೆಗೆ ಹುಲ್ಲಮ್ಮ ಮನೆಯಲ್ಲೇ ಇದ್ದು, ಆಮೇಲೆ ಕೆಲಸಕ್ಕೆ ಮರಳಿದವಳು. ಮರಳಿ ಬಂದ ಮೇಲೆ ಅವಳು ತನ್ನದೆಂದು ಕಟ್ಟಿಕೊಂಡದ್ದು ಏನಾದರೂ ಇದ್ದರೆ ಅದು ಅಜ್ಜಿ.

ಅಜ್ಜಿ ಮೊದಲು ಒಂದು ಕುರಿಯಾಗಿತ್ತು. ಸಂಸ್ಥೆಯ ಹಿತ್ತಲಿನ ಪ್ರಾಣಿಮನೆಯಲ್ಲಿ ಎಲ್ಲಕ್ಕಿಂತ ಮುದಿ ಕುರಿ. ಹಲ್ಲು ಸವೆದು ಬರೀ ಒಸಡು ಉಳಿದಿತ್ತು. ಮೆತ್ತನೆಯ ಮೇವನ್ನೆಲ್ಲ ಹರೆಯದ ಕುರಿಗಳು ನುಗ್ಗಿ ತಿಂದುಬಿಡುತ್ತಿದ್ದವು. ಅಜ್ಜಿಯ ಪಾಲಿಗೆ ಉಳಿಯುತ್ತಿದ್ದದ್ದು ಒರಟು ಹುಲ್ಲು. ಆದರೂ ಅದು ದುಂಡುದುಂಡಗೆ ಇತ್ತು. ಅದರ ಬೆನ್ನು ಕೆರೆಯುತ್ತ ಹುಲ್ಲಮ್ಮ ಯೋಚಿಸಿದ್ದಳು: ಬಾಯಿ ಕೆಲಸ ಮಾಡುತ್ತಿಲ್ಲ ಎಂದಮೇಲೆ ಹೊಟ್ಟೆಯೊಳಗೆ ಯಾರೋ ಗಟ್ಟಿ ಕೆಲಸಗಾರರು ಇರಲೇಬೇಕು. ಕೊಳವೆ ಹಾಕಿ ಹೊಟ್ಟೆಯ ರಸ ತೆಗೆದು, ಅದರಿಂದ ಒಂದು ಶಿಲೀಂಧ್ರವನ್ನು, ಅಂದರೆ ಬೂಷ್ಟಿನ ಜಾತಿಯ ಒಂದು ಜೀವವನ್ನು, ಬೇರ್ಪಡಿಸಿದ್ದಳು. ಕಳೆದ ಚಳಿಯಲ್ಲಿ ಕುರಿ ಸತ್ತಿತು. ಶಿಲೀಂಧ್ರವನ್ನು ಮಂಜುಗಟ್ಟಿಸಿ ಇಡಲು ನೋಡಿದರೆ ಅದು ಮತ್ತೆ ಏಳಲೇ ಇಲ್ಲ. ಹೀಗಾಗಿ ಬೆಚ್ಚಗಿನ ಪೆಟ್ಟಿಗೆಯಲ್ಲಿಟ್ಟು, ಕೆಲವು ದಿನಕ್ಕೊಮ್ಮೆ ಹೊಸ ಹುಲ್ಲಿನ ಕೊಳವೆಗೆ ದಾಟಿಸುತ್ತ, ಬೆಂಕಿ ಆರದಂತೆ ಕೆಂಡ ಕಾಯುವ ಹಾಗೆ ಅವಳು ಅದನ್ನು ಕಾದುಕೊಂಡು ಬಂದಿದ್ದಳು. ಅಜ್ಜಿ ಎಂಬ ಹೆಸರು ಈಗ ಆ ಕೊಳವೆಗಳದ್ದು. ಆ ಸ್ಟ್ಯಾಂಡು ಹೋದರೆ ಅಜ್ಜಿ ಇನ್ನೆಲ್ಲೂ ಇರುವುದಿಲ್ಲ.

ಇದನ್ನು ಕಾಯುವುದು ಹುಡುಗಾಟವಲ್ಲ. ನಮಗೆ ಉಸಿರಾದ ಗಾಳಿ ಇದಕ್ಕೆ ವಿಷ. ಕೊಳವೆಯೊಳಗಿನ ಗಾಳಿಯನ್ನೆಲ್ಲ ಇಂಗಾಲದ ಡೈಆಕ್ಸೈಡ್ ಊದಿ ಓಡಿಸಬೇಕು, ರಬ್ಬರ್ ಬಿರಡೆ ಒತ್ತಬೇಕು, ಮೇಲೆ ಲೋಹದ ಟೊಪ್ಪಿ ಬಿಗಿಯಬೇಕು. ಒಳಗಿನ ದ್ರವಕ್ಕೆ ಒಂದು ಬಣ್ಣ ಬೆರೆಸಿರುತ್ತಾರೆ. ಎಳ್ಳಷ್ಟು ಗಾಳಿ ನುಸುಳಿದರೂ ಅದು ಗುಲಾಬಿಯಾಗಿ ಚಾಡಿ ಹೇಳುತ್ತದೆ.

ಹುಲ್ಲಮ್ಮ ಕೆಲಸಕ್ಕೆ ಮರಳಿದ ಹೊಸದರಲ್ಲಿ ಅತ್ತೆ ಕೇಳಿದ್ದರು, ಉಸಿರಾಡದೆ ಅದು ಬದುಕುವುದಾದರೂ ಹೇಗೆ ಅಂತ. ಅತ್ತೆ ವರ್ಷಗಟ್ಟಲೆ ಹೊಲಿಗೆ ಅಂಗಡಿ ನಡೆಸಿದವರು. ಅರ್ಥವಾಗದ ಮಾತನ್ನು ಹೊಲಿಗೆ ಬಿಚ್ಚಿದಂತೆ ಬಿಚ್ಚಿ ನೋಡದೆ ಬಿಡುವವರಲ್ಲ. ತರಕಾರಿ ಹೆಚ್ಚುತ್ತ ಹುಲ್ಲಮ್ಮ ಬಿಡಿಸಿ ಹೇಳಿದ್ದಳು. ನಮ್ಮ ಮೈಯ ಹೆಚ್ಚುಕಡಿಮೆ ಒಂದೊಂದು ಜೀವಕಣದಲ್ಲೂ ಮೈಟೊಕಾಂಡ್ರಿಯ ಅನ್ನುವ ಪುಟ್ಟ ಪುಟ್ಟ ಒಲೆಗಳಿವೆ. ಉಂಡದ್ದನ್ನು ಗಾಳಿಯ ಜೊತೆ ಉರಿಸಿ ಶಕ್ತಿ ಮಾಡುವುದು ಅವುಗಳ ಕೆಲಸ. ಕುರಿಯ ಹೊಟ್ಟೆಯ ಕತ್ತಲಲ್ಲಿ ಗಾಳಿಯೇ ಇಲ್ಲ, ಅಲ್ಲಿ ಆ ಒಲೆ ಹೊತ್ತುವುದು ಹೇಗೆ? ಅದಕ್ಕೇ ಈ ಶಿಲೀಂಧ್ರದ ಪೂರ್ವಿಕರು ಎಷ್ಟೋ ಕಾಲದ ಹಿಂದೆ ಒಲೆಯನ್ನೇ ತಿದ್ದಿಕೊಂಡರು. ಮೈಟೊಕಾಂಡ್ರಿಯ ಇದ್ದ ಜಾಗದಲ್ಲಿ ಈಗ ಬೇರೆ ಒಂದು ಚೀಲವಿದೆ, ಹೈಡ್ರೋಜನೊಸೋಮ್ ಅಂತ. ಹುಲ್ಲಿನಿಂದ ಬಿಡಿಸಿಕೊಂಡ ಸಕ್ಕರೆಯನ್ನು ಕಣದ ಅಂಗಳದಲ್ಲೇ ಒಂದು ಸಲ ಮುರಿದಾಗ ಒಂದಿಷ್ಟು ಶಕ್ತಿ ಸಿಗುತ್ತದೆ. ಮುರಿದ ಚೂರುಗಳು ಚೀಲದೊಳಗೆ ಹೋದ ಮೇಲೆ ಅಲ್ಲಿ ಇನ್ನಷ್ಟು ಮುರಿದು ಇನ್ನೊಂದಿಷ್ಟು. ಉರಿಸಿದಷ್ಟು ಸಿಗುವುದಿಲ್ಲ, ಆದರೆ ಸಂಸಾರ ಸಾಗುತ್ತದೆ.

"ಅಂದ್ರೆ ಬೆಂಕಿ ಇಲ್ಲದ ಒಲೆ," ಅಂದಿದ್ದರು ಅತ್ತೆ. "ಸರಿ, ಬೆಂಕಿ ಇಲ್ಲ ಅಂತ ಹೊಗೆಯೂ ಇಲ್ವಾ?"

ಹೊಗೆ ಇದೆ ಅತ್ತೆ, ಅಂದಿದ್ದಳು ಹುಲ್ಲಮ್ಮ. ಆ ಚೀಲ ಬಿಡುವ ಹೊಗೆಯ ಹೆಸರು ಹೈಡ್ರೋಜನ್. ಬೇರೆ ಜೀವಗಳು ಕೊನೆಯಲ್ಲಿ ಉಳಿದದ್ದನ್ನು ಗಾಳಿಯ ಆಮ್ಲಜನಕದ ಕೈಗೆ ಕೊಟ್ಟು ಕೈತೊಳೆದುಕೊಳ್ಳುತ್ತವೆ. ಇಲ್ಲಿ ಇಸಿದುಕೊಳ್ಳಲು ಆಮ್ಲಜನಕವೇ ಇಲ್ಲ. ಅದಕ್ಕೇ ಉಳಿದದ್ದೆಲ್ಲ ಹೈಡ್ರೋಜನ್ ಅನಿಲವಾಗಿ ಹೊರಗೆ ಬರುತ್ತದೆ.

ಪ್ರಯೋಗಾಲಯದಲ್ಲಿ ಜೀವದ ಅಳತೆಯೂ ಅದೇ ಹೊಗೆಯಿಂದ. ಬಿರಡೆಗೆ ಗಾಜಿನ ಸಿರಿಂಜಿನ ಸೂಜಿ ಚುಚ್ಚಿದರೆ ಒಳಗಿನ ಅನಿಲ ಅದರ ಕಡ್ಡಿಯನ್ನು ಮೇಲಕ್ಕೆ ತಳ್ಳುತ್ತದೆ. ಕಡ್ಡಿ ಜಿಗಿದರೆ ಶಿಲೀಂಧ್ರ ಗಟ್ಟಿ, ತೆವಳಿದರೆ ಸೋಮಾರಿ, ಅಲುಗದಿದ್ದರೆ ಸತ್ತಿದೆ. ಆ ಕೋಣೆಯನ್ನು ಕಟ್ಟಿ ಬೆಳೆಸಿದ ದೊಡ್ಡ ಮೇಡಂ ಇಟ್ಟ ನಿಯಮ ಇದು. ಅಜ್ಜಿಯ ಕಡ್ಡಿ ಯಾವಾಗಲೂ ತೆವಳುತ್ತಿತ್ತು. ಉಳಿದ ಸ್ಟ್ಯಾಂಡುಗಳವು ಅಂಗೈ ಗುದ್ದುವ ಹಾಗೆ ಮೇಲೇಳುವಾಗ ಅಜ್ಜಿಯದು ಮಂಡಿ ಹಿಡಿದುಕೊಂಡು ಏಳುವ ಮುದುಕಿಯ ಹಾಗೆ ಒಂದಿಷ್ಟು ಏರಿ ನಿಂತುಬಿಡುತ್ತಿತ್ತು. ಶನಿವಾರ ಹಾಲಿನ ವಿಭಾಗದವರ ಕೊಳವೆಗಳು ಬರುವುದಿತ್ತು. ಬೆಚ್ಚಗಿನ ಪೆಟ್ಟಿಗೆಯಲ್ಲಿ ಜಾಗ ಸಾಲದು. ಮೇಡಂ ಎಲ್ಲ ಸ್ಟ್ಯಾಂಡುಗಳ ಅಳತೆ ನೋಡಿ, ಎಲ್ಲಕ್ಕಿಂತ ಸೋಮಾರಿಗೆ ಪಟ್ಟಿ ಅಂಟಿಸಿದ್ದರು. ಅದರಲ್ಲಿ ಹಗೆತನವೇನೂ ಇರಲಿಲ್ಲ.

ಹುಲ್ಲು ಕತ್ತರಿಸಿ ಮುಗಿಸಿ ಹುಲ್ಲಮ್ಮ ಎರಡು ಕೊಳವೆ ಹಿಡಿದು ಮೇಡಂ ಕೋಣೆಗೆ ಹೋದಳು. ಒಂದು ಅಜ್ಜಿಯದು, ಇನ್ನೊಂದು ಕಡ್ಡಿ ಜಿಗಿಸುವ ಗಟ್ಟಿಗನದು. ಎರಡಕ್ಕೂ ಒಂದೇ ದಿನ, ಒಂದೇ ಹುಲ್ಲು ಹಾಕಿದ್ದು. ಗಟ್ಟಿಗನ ಕೊಳವೆಯಲ್ಲಿ ಹುಲ್ಲು ಇನ್ನೂ ಹುಲ್ಲಾಗಿಯೇ ನಿಂತಿತ್ತು. ಅಜ್ಜಿಯದರಲ್ಲಿ ಅದು ಕರಗಿ ತಳದಲ್ಲಿ ಗಂಜಿಯ ಹಾಗೆ ಕೂತಿತ್ತು.

ಮೇಡಂ ಎರಡನ್ನೂ ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಬಿರಡೆ ಸೋರುತ್ತಿರಬೇಕು ಅಂದರು. ಸೋರಿದ್ದರೆ ಗಾಳಿಯೂ ನುಗ್ಗಿ ಗುಲಾಬಿಯಾಗಬೇಕಿತ್ತಲ್ಲ ಮೇಡಂ ಅಂದಳು ಇವಳು. ಹಾಗಾದರೆ ಬ್ಯಾಕ್ಟೀರಿಯ ಸೇರಿಕೊಂಡು ಹುಲ್ಲು ತಿಂದಿರಬೇಕು ಅಂದರು ಮೇಡಂ. ಬ್ಯಾಕ್ಟೀರಿಯ ಸಾಯುವ ಮದ್ದನ್ನು ಮತ್ತೆ ಮತ್ತೆ ಹಾಕಿದ್ದೇನೆ, ಒಂದೂ ಉಳಿದಿಲ್ಲ, ಪರೀಕ್ಷೆ ಮಾಡಿದ್ದೇನೆ ಅಂದಳು. ಮೇಡಂ ಕೊಳವೆಗಳನ್ನು ಮೇಜಿನ ಮೇಲಿಟ್ಟರು.

"ನೋಡಮ್ಮ, ಹುಲ್ಲು ತಿಂದಿದ್ರೆ ಹೊಗೆ ಬರಬೇಕು. ಹೊಗೆ ಇಲ್ಲ. ಹೊಗೆ ಎಲ್ಲಿ ಅಂತ ಶುಕ್ರವಾರದೊಳಗೆ ತೋರಿಸು, ಪಟ್ಟಿ ನಾನೇ ಕಿತ್ತು ಹಾಕ್ತೀನಿ. ತೋರಿಸೋಕಾಗಲಿಲ್ಲ ಅಂದ್ರೆ ನನ್ನ ಹತ್ರ ಅಳಬೇಡ."

ಅಳುವವಳು ಅವಳಲ್ಲ. ಬಿರಡೆಗಳಿಗೆ ಸೋಪಿನ ನೀರು ಬಳಿದು ಗುಳ್ಳೆ ಕಾದಳು. ಗುಳ್ಳೆ ಬರಲಿಲ್ಲ. ಹೊಸ ಬಿರಡೆ ಹಾಕಿದಳು, ಗಟ್ಟಿಗನಿಗೆಂದು ಇಟ್ಟಿದ್ದ ಬಿರಡೆಗಳಲ್ಲೇ ಎರವಲು ತಂದು. ಸಿರಿಂಜ್ ಬದಲಿಸಿದಳು. ಕಡ್ಡಿ ತೆವಳಿತು, ನಿಂತಿತು. ಸಿಲಿಂಡರ್ ಅಣ್ಣ ಬಾಗಿಲಲ್ಲಿ ನಿಂತು, ಅಜ್ಜಿಗೆ ವಯಸ್ಸಾಯ್ತು ಹುಲ್ಲಮ್ಮಾ, ಮೆಟ್ಟಿಲು ಹತ್ತು ಅಂತ ಎಷ್ಟು ಅಂತ ಒತ್ತಾಯ ಮಾಡ್ತೀರಿ ಅಂತ ಕಿಚಾಯಿಸಿದ. ಅವಳು ತಲೆ ಎತ್ತದೆ, ನಿಮ್ಮ ತಳ್ಳುಗಾಡಿಗೆ ಶುಕ್ರವಾರ ಬೇರೆ ಸವಾರಿ ಹುಡುಕಿಕೊಳ್ಳಿ ಅಂದಳು. ಅವನು ನಕ್ಕ, ಆದರೆ ಹೋಗುವ ಮೊದಲು ಇಂಗಾಲದ ಡೈಆಕ್ಸೈಡ್ ತುಂಬಿದ ಸಿಲಿಂಡರನ್ನು ಅವಳ ಮೇಜಿನ ಪಕ್ಕಕ್ಕೆ ಉರುಳಿಸಿಟ್ಟು ಹೋದ.

ಮಂಗಳವಾರವೂ ಹೀಗೇ ಕೈಗೆ ಏನೂ ಹತ್ತದೆ ಹೋಯಿತು.

ಮನೆಯಲ್ಲಿ ಬೇರೆ ಒಂದು ಚಿಂತೆ ಕಾದಿತ್ತು. ಗಂಡ ರೈಲು ಓಡಿಸುವವನು, ಆ ವಾರ ಊರಲ್ಲಿರಲಿಲ್ಲ. ಮಗಳು ಪುಟ್ಟಿಯ ಶಾಲೆಯಲ್ಲಿ ಮಕ್ಕಳ ತೂಕ ನೋಡಿದ್ದರು. ತರಗತಿಯ ಟೀಚರ್ ಅತ್ತೆಯನ್ನು ಗೇಟಿನ ಹತ್ತಿರ ನಿಲ್ಲಿಸಿ, ಮಗು ಕಳೆದ ಸಲಕ್ಕಿಂತ ಒಂದು ಚೂರೂ ಏರಿಲ್ಲ, ಮನೆಯಲ್ಲಿ ಸರಿಯಾಗಿ ತಿನ್ನುತ್ತಾಳಾ ಎಂದು ಕೇಳಿದ್ದರು. ಅತ್ತೆಗೆ ಅದು ಮುಖಕ್ಕೆ ಹೊಡೆದಂತಾಗಿತ್ತು. ತಿನ್ನದೆ ಏನು, ಡಬ್ಬಿ ದಿನಾ ನೆಕ್ಕಿ ಇಟ್ಟ ಹಾಗೆ ಬರುತ್ತೆ, ತೊಳೆಯೋ ಕೆಲಸವೇ ಇಲ್ಲ, ಎಂದು ಸಂಜೆಯಿಡೀ ಪಾತ್ರೆಗಳಿಗೆ ಹೇಳುತ್ತಿದ್ದರು. ಹುಳದ ಔಷಧಿ ಕೊಡಿಸೋಣ, ಡಾಕ್ಟರಿಗೆ ತೋರಿಸೋಣ ಎಂದೂ ಅಂದರು. ದಿನಾ ಸಂಜೆ ಮಗಳ ಚೀಲದಿಂದ ಡಬ್ಬಿ ತೆಗೆದು ಅಲುಗಾಡಿಸಿ ನೋಡುತ್ತಿದ್ದವಳು ಹುಲ್ಲಮ್ಮನೇ. ಖಾಲಿ ಡಬ್ಬಿಯ ಸದ್ದು ಕೇಳಿದರೆ ಅವಳ ದಿನದ ಒಂದು ಭಾರ ಇಳಿಯುತ್ತಿತ್ತು.

ಬುಧವಾರ ಬೆಳಿಗ್ಗೆ ಮಗಳನ್ನು ಕಾಲಸಂದಿಯಲ್ಲಿ ಕೂರಿಸಿಕೊಂಡು ತಲೆ ಬಾಚುವಾಗ ಅವಳು ಗದರಲಿಲ್ಲ. ಸಿಕ್ಕು ಬಿಡಿಸುವಾಗ ಹೇಗೆ ತುದಿಯಿಂದ ಶುರು ಮಾಡಬೇಕೋ ಹಾಗೆ ದೂರದ ಮಾತಿನಿಂದ ಶುರು ಮಾಡಿದಳು. ನಿನ್ನೆಯ ಡಬ್ಬಿ ರುಚಿಯಾಗಿತ್ತಾ ಕಂದ, ಉಪ್ಪು ಸರಿಯಾಗಿತ್ತಾ, ಊಟದ ಹೊತ್ತಿಗೆ ಯಾರ ಪಕ್ಕ ಕೂರ್ತೀಯ. ಪುಟ್ಟಿ ಹೇಳುತ್ತ ಹೋದಳು. ಪಕ್ಕದಲ್ಲಿ ಹೊಸಬಳೊಬ್ಬಳು ಕೂರುತ್ತಾಳಂತೆ. ಅವಳ ಅಮ್ಮ ಬೆಳಿಗ್ಗೆ ಬೇಗ ಕೆಲಸಕ್ಕೆ ಹೊರಡುವುದರಿಂದ ಅವಳಿಗೆ ಡಬ್ಬಿ ಇರುವುದಿಲ್ಲವಂತೆ. ಅದಕ್ಕೇ ಇಬ್ಬರೂ ಇದೊಂದರಲ್ಲೇ ತಿನ್ನುತ್ತಾರಂತೆ. ಅವಳು ಬರುವ ಮೊದಲು ಪುಟ್ಟಿಗೆ ಶಾಲೆಯಲ್ಲಿ ಊಟವೇ ಸೇರುತ್ತಿರಲಿಲ್ಲವಂತೆ, ಅರ್ಧ ತಿಂದು ಉಳಿದದ್ದನ್ನು ಗಿಡದ ಬುಡಕ್ಕೆ ಹಾಕಿಬಿಡುತ್ತಿದ್ದಳಂತೆ. ಈಗ ಮಾತಾಡುತ್ತ ಮಾತಾಡುತ್ತ ಡಬ್ಬಿ ಮುಗಿದದ್ದೇ ಗೊತ್ತಾಗುವುದಿಲ್ಲವಂತೆ.

"ನಂಗೆ ಯಾಕೆ ಹೇಳಲಿಲ್ಲ ಪುಟ್ಟಿ?"

"ನೀನು ಡಬ್ಬಿ ಖಾಲಿ ಆಯ್ತಾ ಅಂತ ಕೇಳ್ತಿದ್ದೆ. ಆಯ್ತು ಅಂತಿದ್ದೆ," ಅಂದಳು ಮಗಳು, ತಲೆ ಅಲುಗಿಸದೆ. "ಯಾರು ತಿಂದ್ರು ಅಂತ ಯಾವತ್ತು ಕೇಳಿದೀಯಾ?"

ಬಾಚಣಿಗೆ ಅರ್ಧ ಜಡೆಯಲ್ಲೇ ನಿಂತುಹೋಯಿತು.

ಕೈ ಓಡುತ್ತಿಲ್ಲ ಎಂದು ಪುಟ್ಟಿ ಹೊರಳಿ ನೋಡಿದಳು. ಅಮ್ಮ ಗೋಡೆ ನೋಡುತ್ತಿದ್ದಳು. ಅಡುಗೆಮನೆಯ ಬಾಗಿಲಲ್ಲಿ ಎಲ್ಲ ಕೇಳಿಸಿಕೊಂಡಿದ್ದ ಅತ್ತೆ, ಆ ಮಗುವಿಗೂ ಸೇರಿಸಿ ಕಟ್ಟಿದರಾಯ್ತು ಬಿಡು, ಅದಕ್ಕೆ ಯಾಕಮ್ಮ ಇಷ್ಟು ಯೋಚನೆ ಅಂದರು. ಹುಲ್ಲಮ್ಮ, ಹೌದು ಅತ್ತೆ, ದೊಡ್ಡ ಡಬ್ಬಿ ಮೇಲಿನ ಹಲಗೆಯಲ್ಲಿದೆ, ಇವತ್ತು ಅದರಲ್ಲೇ ಕಟ್ಟಿ ಅಂದಳು. ಉಳಿದ ಜಡೆಯನ್ನು ಒಂದೇ ಉಸಿರಿಗೆ ಹೆಣೆದಳು. ಅದು ಸೊಟ್ಟಗಾಯಿತು. ಪುಟ್ಟಿ ಕನ್ನಡಿ ನೋಡಿ ಮೂತಿ ಉದ್ದ ಮಾಡಿದರೂ ಬಿಚ್ಚಿ ಹಾಕುವಷ್ಟು ವ್ಯವಧಾನ ಆ ದಿನ ಅಮ್ಮನಿಗಿರಲಿಲ್ಲ.

ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಾಗ ಅವಳ ತಲೆ ಪಟಪಟನೆ ಓಡುತ್ತಿತ್ತು. ಕಡ್ಡಿ ಏರಿತಾ ಎಂದು ಎಲ್ಲರೂ ಕೇಳಿದರು. ಹೊಗೆ ಎಷ್ಟು ಉಳಿದಿದೆ ಎಂದು ಅಳೆದರು. ಹೊಗೆಯನ್ನು ಒಳಗೇ ಯಾರಾದರೂ ತಿನ್ನುತ್ತಿದ್ದರೆ? ಹಾಗೆ ತಿನ್ನುವವರು ಕುರಿಯ ಹೊಟ್ಟೆಯಲ್ಲಿ ಇರುವುದು ಪಾಠದ ಪುಸ್ತಕದಲ್ಲೇ ಇದೆ. ಹೈಡ್ರೋಜನನ್ನು ಮುಕ್ಕಿ ಮೀಥೇನ್ ಬಿಡುವ ಸೂಕ್ಷ್ಮಜೀವಿಗಳು. ನಾಲ್ಕು ಪಾಲು ಹೈಡ್ರೋಜನ್ ಒಳಗೆ ಹೋದರೆ ಒಂದು ಪಾಲು ಮೀಥೇನ್ ಹೊರಗೆ. ಮತ್ತೆ ಕಡ್ಡಿ ತೆವಳದೆ ಇನ್ನೇನು ಮಾಡೀತು? ಇನ್ನು ಮದ್ದು. ಅವಳಿಗೆ ಸೀಟು ಸಿಕ್ಕರೂ ಕೂರಲು ಮರೆತುಹೋಯಿತು. ತಾನು ಹಾಕಿದ್ದು ಬ್ಯಾಕ್ಟೀರಿಯಗಳ ಮದ್ದು. ಮೀಥೇನ್ ಮಾಡುವವು ಬ್ಯಾಕ್ಟೀರಿಯಗಳೇ ಅಲ್ಲ, ಅವುಗಳ ವಂಶವೇ ಬೇರೆ. ಮದ್ದು ಅವುಗಳ ಮೈಮೇಲೆ ನೀರಿನ ಹಾಗೆ ಹರಿದುಹೋಗಿರುತ್ತದೆ. ಗಾಳಿ ಸೋಕದ ಜೀವಗಳನ್ನು ಸಾಕುವವರು ಮಾತ್ರ ಮಾಡಬಹುದಾದ ತಪ್ಪು ಇದು. ಬಾಗಿಲುಗಳನ್ನೆಲ್ಲ ಎಷ್ಟು ಬಿಗಿಯಾಗಿ ಹಾಕಿದ್ದರೆಂದರೆ, ಒಳಗೆ ಮೊದಲೇ ಕೂತಿದ್ದವರನ್ನು ಎಣಿಸುವುದೇ ಅವರಿಗೆ ಹೊಳೆದಿರಲಿಲ್ಲ.

ಊಹೆ ಸಿಕ್ಕಿತು, ಆದರೆ ಮೇಡಂ ಕೇಳಿದ್ದು ಊಹೆಯನ್ನಲ್ಲ, ತೋರಿಸು ಅಂತ. ಮೀಥೇನ್ ಅಳೆಯುವ ಯಂತ್ರ ಕೆಟ್ಟು ರಿಪೇರಿಗೆ ಹೋಗಿತ್ತು. ಮೀಥೇನಿನವರನ್ನು ತಡೆಯುವ ಬೇರೆ ಮದ್ದು ತರಿಸಲು ಹೇಳಿದರೆ, ಅಂಗಡಿಯವರು ಮುಂದಿನ ವಾರ ಎಂದರು. ಉಳಿದದ್ದು ಒಂದೇ ದಾರಿ. ಆ ಜೀವಿಗಳ ಮೈಯಲ್ಲಿರುವ ಒಂದು ವಸ್ತು ನೇರಳೆ ಬೆಳಕು ಬಿದ್ದರೆ ತಾನೇ ಹೊಳೆಯುತ್ತದೆ, ನೀಲಿಹಸಿರಾಗಿ. ಅಂಥ ಬೆಳಕಿನ ಮೈಕ್ರೋಸ್ಕೋಪು ನೆಲಮಾಳಿಗೆಯಲ್ಲಿ, ಮೀನುಗಳ ರೋಗ ನೋಡುವ ವಿಭಾಗದಲ್ಲಿತ್ತು. ಅವರು ಅದನ್ನು ಹೊರಗಿನವರಿಗೆ ಮುಟ್ಟಗೊಡುತ್ತಿರಲಿಲ್ಲ. ಹುಲ್ಲಮ್ಮ ಹೋಗಿ ಕೇಳಿದಳು, ಆಗುವುದಿಲ್ಲ ಅಂದರು. ಮಧ್ಯಾಹ್ನ ಮತ್ತೆ ಹೋದಳು. ಸಂಜೆ ಮತ್ತೆ ಹೋಗಿ, ಅವರ ಬಾಗಿಲ ಪಕ್ಕದ ಬೆಂಚಿನಲ್ಲಿ ಕೂತೇಬಿಟ್ಟಳು. ಮಗುವನ್ನು ನಿದ್ದೆ ಮಾಡಿಸಿ ಅಭ್ಯಾಸವಿದ್ದವಳಿಗೆ ಕಾಯುವುದು ಒಂದು ಕಷ್ಟವೇ ಅಲ್ಲ. ಕೊನೆಗೆ ಅವರೇ ಸೋತು, ನಾಳೆ ನಾವು ಊಟಕ್ಕೆ ಎದ್ದಾಗ ಬನ್ನಿ ಅಂದರು.

ಗುರುವಾರ ಊಟದ ಹೊತ್ತಿಗೆ ಅವಳು ಕಂಡದ್ದು ಬರೀ ಕತ್ತಲೆ. ಅಜ್ಜಿಯ ಒಂದು ಹನಿಯನ್ನು ಗಾಜಿನ ಪಟ್ಟಿಯ ಮೇಲಿಟ್ಟು, ನೇರಳೆ ದೀಪ ಹಾಕಿ, ತಿರುಪು ತಿರುಗಿಸಿ ತಿರುಗಿಸಿ ಶಿಲೀಂಧ್ರದ ಎಳೆಗಳನ್ನು ಹುಡುಕಿದಳು. ಎಳೆ ಸಿಕ್ಕಿತು, ಹೊಳಪು ಸಿಗಲಿಲ್ಲ. ಇನ್ನೊಂದು ಹನಿ ಹಾಕಿ ನೋಡಿದರೂ ಅಷ್ಟೇ. ಊಟ ಮುಗಿಸಿ ಬಂದವರು ಕೆಮ್ಮಿದರು, ಅವಳು ಎದ್ದಳು. ಆ ಸಂಜೆ ಮನೆಯಲ್ಲಿ ಅವಳು ಒಗೆದ ಬಟ್ಟೆಗಳನ್ನು ಹಗ್ಗದಿಂದ ತೆಗೆಯುತ್ತಿದ್ದಳು. ಪುಟ್ಟಿಯ ಹಸಿರು ಲಂಗ ಬಿಸಿಲಿಗೆ ಬಿದ್ದ ಬದಿಯಲ್ಲಿ ಮಾಸಿತ್ತು, ಒಳಮಡಿಕೆಯಲ್ಲಿ ಹೊಸದರ ಹಾಗೆ ಕಡು ಬಣ್ಣದಲ್ಲಿತ್ತು. ಅವಳು ಆ ಮಡಿಕೆಯನ್ನು ಹೆಬ್ಬೆರಳಿನಿಂದ ಸವರಿ ನಿಂತಳು. ನೇರಳೆ ಬೆಳಕಿಗೂ ಆ ಹೊಳಪು ಹೀಗೇ ಮಾಸುತ್ತಿರಬೇಕು. ತಾನು ದೀಪ ಹಾಕಿಕೊಂಡು ಹುಡುಕುತ್ತ ಕೂತದ್ದೇ ತಪ್ಪು. ಮೊದಲು ಸಾದಾ ಮಂದ ಬೆಳಕಿನಲ್ಲಿ ಎಳೆಯನ್ನು ಹಿಡಿದಿಟ್ಟುಕೊಳ್ಳಬೇಕು, ನೇರಳೆಯನ್ನು ಕೊನೆಗೆ ಬಿಡಬೇಕು.

ಶುಕ್ರವಾರ ಅವಳು ಮೀನಿನವರಿಗಿಂತ ಮೊದಲೇ ಅವರ ಬಾಗಿಲಲ್ಲಿದ್ದಳು. ಅವರು ಏನೂ ಕೇಳದೆ ಬೀಗ ತೆಗೆದರು. ಪರದೆ ಎಳೆದಳು, ಮಂದ ಬೆಳಕಿನಲ್ಲಿ ಹುಲ್ಲಿನ ಚೂರನ್ನು ಕಂಡಳು. ಹುಲ್ಲಿನೊಳಕ್ಕೆ ಬೇರು ಬಿಟ್ಟ ಹಾಗೆ ಇಳಿದಿದ್ದ ಅಜ್ಜಿಯ ಎಳೆಗಳನ್ನು ಕಂಡಳು. ಬೆಳಕು ಆರಿಸಿ, ನೇರಳೆಯ ಮುಚ್ಚಳ ಸರಿಸಿದಳು.

ಎಳೆಗಳ ಉದ್ದಕ್ಕೂ ಚುಕ್ಕಿಗಳು ಹೊತ್ತಿಕೊಂಡವು. ಒಂದಲ್ಲ ಎರಡಲ್ಲ, ಎಳೆಗೆ ಅಂಟಿಕೊಂಡು ಸಾಲುಸಾಲಾಗಿ, ನೀಲಿಹಸಿರು. ಅವಳು ಉಸಿರು ಬಿಡುವಷ್ಟರಲ್ಲಿ ಒಂದೊಂದಾಗಿ ಮಂಕಾಗಿ ಆರಿದವು.

ಅವಳು ಮೇಡಂರನ್ನು ಕರೆಯಲು ಮೆಟ್ಟಿಲು ಹತ್ತಿ ಓಡಿದರೆ, ಮೇಡಂ ಸಭೆಯಲ್ಲಿದ್ದರು. ಸಭೆ ಮುಗಿಯುವಾಗ ಮಧ್ಯಾಹ್ನವಾಗಿತ್ತು. ಕಾರಿಡಾರಿನಲ್ಲಿ ತಳ್ಳುಗಾಡಿ ಆಗಲೇ ಹೊರಟಿತ್ತು. ಆ ವಾರ ಬಳಸಿ ಬಿಟ್ಟ ಕೊಳವೆಗಳ ಹಿಂದೆ, ತೀರ ಕೊನೆಯಲ್ಲಿ ಕೆಂಪು ಪಟ್ಟಿಯ ಅಜ್ಜಿ ಕೂತಿತ್ತು. ಹುಲ್ಲಮ್ಮ ಗಾಡಿಯ ಮುಂದೆ ಬಂದು ನಿಂತಳು. ಸಿಲಿಂಡರ್ ಅಣ್ಣ ಅವಳ ಮುಖ ನೋಡಿದ, ಹಿಂದೆ ಮಂಡಿ ಹಿಡಿದುಕೊಂಡು ಬರುತ್ತಿದ್ದ ಮೇಡಂರನ್ನು ನೋಡಿದ.

"ಈ ಗಾಡಿಯ ಚಕ್ರ ಇವತ್ತು ಸ್ವಲ್ಪ ಹಿಡ್ಕೊಂಡಿದೆ ಮೇಡಂ," ಅಂದ. "ಎಣ್ಣೆ ತರೋಕೆ ಹೋಗಬೇಕು. ನಮ್ಮ ಎಣ್ಣೆ ಡಬ್ಬಿ ತುಂಬಾ ದೂರ ಇದೆ."

ಹುಲ್ಲಮ್ಮ ಅಜ್ಜಿಯ ಒಂದು ಕೊಳವೆಯನ್ನು ಎತ್ತಿಕೊಂಡು ಮೇಡಂ ತೋಳು ಹಿಡಿದು ನೆಲಮಾಳಿಗೆಗೆ ಇಳಿಸಿದಳು. ಮಂದ ಬೆಳಕಿನಲ್ಲಿ ಎಳೆಯನ್ನು ಸರಿಯಾಗಿ ಹಿಡಿದು, ಮೇಡಂರನ್ನು ಸ್ಟೂಲಿನ ಮೇಲೆ ಕೂರಿಸಿದಳು. ಮುಚ್ಚಳ ಸರಿಸಿದಾಗ ಮೇಡಂ ಇನ್ನೂ ಕನ್ನಡಕ ತೆಗೆಯುವುದೋ ಇಟ್ಟುಕೊಳ್ಳುವುದೋ ಎಂದು ನೋಡುತ್ತಿದ್ದರು. ಕಣ್ಣು ಇಡುವಷ್ಟರಲ್ಲಿ ಎಲ್ಲ ಆರಿತ್ತು.

ಹುಲ್ಲಮ್ಮ ಅವಸರಪಡಲಿಲ್ಲ. ಕನ್ನಡಕ ಇಸಿದುಕೊಂಡು ತನ್ನ ಕೋಟಿನ ಜೇಬಿಗೆ ಹಾಕಿಕೊಂಡಳು. ಮುಚ್ಚಳ ಹಾಕಿ, ಗಾಜಿನ ಪಟ್ಟಿಯನ್ನು ಕೂದಲೆಳೆಯಷ್ಟು ಸರಿಸಿ ಹೊಸ ಜಾಗ ಹಿಡಿದಳು. ಕಣ್ಣು ಅಲ್ಲೇ ಇಡಿ ಮೇಡಂ, ಕತ್ತಲು ಕಂಡರೂ ತೆಗೆಯಬೇಡಿ ಅಂದಳು, ಮಗುವಿಗೆ ಔಷಧಿ ಕುಡಿಸುವಾಗಿನ ದನಿಯಲ್ಲಿ. ಆಮೇಲೆ ಮುಚ್ಚಳ ಸರಿಸಿದಳು.

ಮೇಡಂ ಬಾಯಿಂದ ಬಂದದ್ದು ಹೊಗಳಿಕೆಯಾಗಿರಲಿಲ್ಲ.

"ಹುಲ್ಲೂ ಹೊಳೆಯುತ್ತಮ್ಮ ಈ ಬೆಳಕಿಗೆ. ನೀನು ಹುಲ್ಲಿನ ಪುಡಿ ನೋಡಿ ಕುಣೀತಿದ್ದೀಯ."

ಅದು ನಿಜ. ಹುಲ್ಲೂ ಆ ಬೆಳಕಿಗೆ ನೀಲಿಯಾಗಿ ಹೊಳೆಯುತ್ತದೆ. ಆದರೆ ಹುಲ್ಲಮ್ಮನಿಗೆ ತನ್ನನ್ನು ಎರಡು ದಿನ ಸತಾಯಿಸಿದ್ದು ಯಾವುದೆಂದು ನೆನಪಾಯಿತು.

"ಕಣ್ಣು ತೆಗೀಬೇಡಿ ಮೇಡಂ, ನೋಡ್ತಾನೇ ಇರಿ. ಯಾವುದು ಆರುತ್ತೆ, ಯಾವುದು ಆರಲ್ಲ ಅಂತ ನೀವೇ ಹೇಳಿ."

ಮೇಡಂ ತಮ್ಮ ಕೈಯಿಂದಲೇ ಗಾಜಿನ ಪಟ್ಟಿಯನ್ನು ಸರಿಸಿದರು, ಕಾದರು, ಮತ್ತೆ ಸರಿಸಿದರು. ಹುಲ್ಲಿನ ಅಂಚು ಬೆಳಗುತ್ತಲೇ ಇತ್ತು. ಎಳೆಯ ಮೇಲಿನ ಚುಕ್ಕಿಗಳು ಮಾತ್ರ ಹೊಸ ಜಾಗದಲ್ಲಿ ಹೊತ್ತಿ, ನೋಡುತ್ತಿದ್ದಂತೆ ಆರುತ್ತಿದ್ದವು. ಮತ್ತೊಂದು ಜಾಗ, ಮತ್ತೆ ಹೊತ್ತಿ ಆರುವುದು. ಮೇಡಂ ಬೆನ್ನು ನೆಟ್ಟಗೆ ಮಾಡಿ, ಕನ್ನಡಕಕ್ಕೆ ಕೈ ಚಾಚಿದರು.

ಬ್ಯಾಕ್ಟೀರಿಯದ ಮದ್ದು ಇವಕ್ಕೆ ತಾಗುವುದಿಲ್ಲ ಎಂದು ನಾನೇ ನಿಮಗೆಲ್ಲ ಪಾಠ ಮಾಡಿದ್ದೆ, ಅಂದರು, ಅರ್ಧ ತಮಗೇ ಹೇಳಿಕೊಂಡಂತೆ. ಆಮೇಲೆ ಅವರ ಯೋಚನೆ ಮುಂದಕ್ಕೆ ಓಡಿತು. ಗಟ್ಟಿಗರು ಎಂದುಕೊಂಡವರ ಕೊಳವೆಯಲ್ಲಿ ಹೊಗೆ ಒಯ್ಯುವವರು ಯಾರೂ ಇಲ್ಲ. ಹೊಗೆ ತುಂಬಿದಷ್ಟೂ ಆ ಚೀಲದ ಕೆಲಸ ಕಟ್ಟುತ್ತದೆ, ಸಕ್ಕರೆ ಬೇರೆ ದಾರಿ ಹಿಡಿದು ಕಡಿಮೆ ಶಕ್ತಿ ಕೊಡುತ್ತದೆ, ಹುಲ್ಲು ಉಳಿದುಬಿಡುತ್ತದೆ. ಅಜ್ಜಿಯ ಮನೆಯಲ್ಲಿ ಹೊಗೆ ಹುಟ್ಟಿದ ಹಾಗೇ ತಿನ್ನುವವರಿದ್ದಾರೆ. ಒಲೆ ಕಟ್ಟುವುದೇ ಇಲ್ಲ.

ಅಂದರೆ ನಾವು ಇಷ್ಟು ದಿನ ಕಟ್ಟಿದ ಒಲೆಗಳಿಗೆ ಬಹುಮಾನ ಕೊಡ್ತಿದ್ವಿ, ಅಂದಳು ಹುಲ್ಲಮ್ಮ. ಮೇಡಂ ನಕ್ಕರು. ಆ ನಗು ಅಪರೂಪದ್ದು.

ಮೆಟ್ಟಿಲ ಮೇಲೆ ನಿಂತು ಉಸಿರು ತಿರುಗಿಸಿಕೊಳ್ಳುತ್ತ ಅವರು ಕೆಲಸ ಒಪ್ಪಿಸಿದರು. ಚುಕ್ಕಿ ನೋಡಿದ್ದು ಶುರು ಮಾತ್ರ. ಹೊಸ ಮದ್ದು ಬಂದ ಮೇಲೆ ಅಜ್ಜಿಯ ಕೆಲವು ಕೊಳವೆಗಳಲ್ಲಿ ಮೀಥೇನಿನವರನ್ನು ತಡೆದು, ಹೊಗೆ ಏರುತ್ತದಾ, ಹುಲ್ಲು ಉಳಿಯುತ್ತದಾ ಎಂದು ನೋಡಬೇಕು. ಗಟ್ಟಿಗರ ಕೊಳವೆಗೆ ಅವರನ್ನು ಸೇರಿಸಿ, ಹುಲ್ಲು ಕರಗುತ್ತದಾ ನೋಡಬೇಕು. ಆಮೇಲೆ ತಮ್ಮ ಮುಂದೆ ಬಂದು ನಿಲ್ಲಬೇಕು. ಹುಲ್ಲಮ್ಮ ಎಲ್ಲಕ್ಕೂ ಹೂಂ ಅಂದಳು. ಅದೆಲ್ಲವನ್ನೂ ಅವಳು ಆಗಲೇ ಯೋಚಿಸಿಟ್ಟಿದ್ದಳು.

ತಳ್ಳುಗಾಡಿ ಇನ್ನೂ ಅಲ್ಲೇ ನಿಂತಿತ್ತು. ಎಣ್ಣೆ ತರಲು ಹೋಗಬೇಕಿದ್ದವನು ಗಾಡಿಗೆ ಒರಗಿಕೊಂಡೇ ಇದ್ದ. ಮೇಡಂ ಬಗ್ಗಿ ಪಟ್ಟಿಯ ತುದಿಯನ್ನು ಉಗುರಿನಿಂದ ಎಬ್ಬಿಸಿ ಎಳೆದರು. ಅದು ಅರ್ಧಕ್ಕೇ ಹರಿಯಿತು. ಉಳಿದ ಅರ್ಧವನ್ನು ಹುಲ್ಲಮ್ಮ ಕಿತ್ತಳು. ಹಾಲಿನವರ ಕೊಳವೆಗಳನ್ನು ಎಲ್ಲಿಡುವುದು ಎಂದು ಸಿಲಿಂಡರ್ ಅಣ್ಣ ಕೇಳಿದ. ಒತ್ತಿ ಒತ್ತಿ ಇಡು, ಜಾಗ ಆಗುತ್ತೆ ಎಂದು ಹೇಳಿ ಮೇಡಂ ತಮ್ಮ ಕೋಣೆಗೆ ನಡೆದರು. ಹುಲ್ಲಮ್ಮ ಕೈ ತೊಳೆದು ಹೊಸ ಹುಲ್ಲಿನ ಕೊಳವೆಗಳನ್ನು ಸಾಲಾಗಿ ನಿಲ್ಲಿಸಿದಳು. ಅಜ್ಜಿಯನ್ನು ದಾಟಿಸುವ ದಿನ ಅಂದೇ ಆಗಿತ್ತು. ಒಂದು ಕೊಳವೆಯನ್ನೂ ಬಿಡದೆ ದಾಟಿಸಿ, ಬಿರಡೆ ಒತ್ತಿ, ಟೊಪ್ಪಿ ಬಿಗಿದು, ಪೆಟ್ಟಿಗೆಯ ಬೆಚ್ಚನೆಯ ಮೂಲೆಯಲ್ಲಿಟ್ಟೇ ಅವಳು ಮನೆಗೆ ಹೊರಟದ್ದು.

ಸೋಮವಾರ ಬೆಳಿಗ್ಗೆ ಅತ್ತೆ ದೊಡ್ಡ ಡಬ್ಬಿ ತುಂಬಿದ್ದರು. ತುಂಬಿದ್ದು ಅಂದರೆ ಗುಡ್ಡೆ ಹಾಕಿದ್ದು. ಎರಡು ಮಕ್ಕಳ ಊಟವಾ ಅತ್ತೆ, ಇಡೀ ತರಗತಿಯದಾ ಎಂದು ಹುಲ್ಲಮ್ಮ ಕೇಳಿದರೆ, ಆ ಟೀಚರ್ ಇನ್ನೊಂದು ಸಲ ತೂಕ ನೋಡಲಿ, ಆಮೇಲೆ ಮಾತಾಡೋಣ ಅಂದರು ಅತ್ತೆ. ಮುಚ್ಚಳ ಕೂರಲಿಲ್ಲ. ಪುಟ್ಟಿ ಒತ್ತಿದಳು, ಆಗಲಿಲ್ಲ. ಅತ್ತೆ ಅದನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಹಿಡಿದುಕೊಂಡರು. ಹುಲ್ಲಮ್ಮ ಅಂಗೈ ಊರಿ, ಬಿರಡೆ ಒತ್ತುವ ಹಾಗೆ, ನಾಲ್ಕೂ ಮೂಲೆಯನ್ನು ಸುತ್ತ ಒತ್ತುತ್ತ ಬಂದಳು. ಕೊನೆಯ ಮೂಲೆಯಲ್ಲಿ ಅದು ಟಪ್ ಎಂದು ಕೂತಿತು.

ಶಾಲೆಯ ಬಸ್ಸು ತಿರುವಿನಲ್ಲಿ ಕಾಣಿಸಿತು. 'ಇವತ್ತು ಜಡೆ ನೆಟ್ಟಗಿದೆ' ಎಂದು ಹೇಳಿ ಮಗಳು ಓಡಿದಳು.